ಪಕ್ಕಕ್ಕಿಟ್ಟ ಉತ್ತರ

ನಮ್ಮ ವಿಭಾಗದಿಂದ ಹನ್ನೊಂದು ಜನ ಆ ಕೋರ್ಸಿಗೆ ಹೆಸರು ಕೊಟ್ಟಿದ್ದೆವು. ಕೊನೆಯವರೆಗೆ ಉಳಿದದ್ದು ಇಬ್ಬರು. ಪಾಸಾದದ್ದು ಒಬ್ಬಳು, ನಾನು. ಇದನ್ನು ಕೇಳಿದ ಕೂಡಲೇ ಯಾರಾದರೂ ‘ಭೇಷ್’ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಆಸ್ಪತ್ರೆಯಲ್ಲಿ ನಮ್ಮದು ಯಾರೂ ಇಣುಕಿ ನೋಡದ ಜಾಗ. ಆಪರೇಷನ್ ಮುಗಿದ ಮೇಲೆ ಕತ್ತರಿ, ಇಕ್ಕಳ, ಕೊಳವೆ ಎಲ್ಲ ರಕ್ತ ಮೆತ್ತಿಕೊಂಡು ನಮ್ಮ ಕಿಟಕಿಗೆ ಬರುತ್ತವೆ. ನಾವು ತೊಳೆದು, ಉಜ್ಜಿ, ಒಣಗಿಸಿ, ದೀಪದ ಕೆಳಗೆ ಹಿಡಿದು ನೋಡಿ, ಎಣಿಸಿ, ಬಟ್ಟೆಯಲ್ಲಿ ಸುತ್ತಿ, ಹಬೆಯ ಯಂತ್ರಕ್ಕೆ ತುಂಬುತ್ತೇವೆ. ಯಂತ್ರದ ಇನ್ನೊಂದು ಬಾಗಿಲಿನಿಂದ ಅವು ಶುದ್ಧವಾಗಿ ಹೊರಬಂದು ಮತ್ತೆ ಥಿಯೇಟರಿಗೆ ಹೋಗುತ್ತವೆ. ಎಂಟು ಗಂಟೆ ನಿಂತೇ ಮಾಡುವ ಕೆಲಸ. ಕೂರಲು ಎರಡು ಸ್ಟೂಲುಗಳೇನೋ ಇವೆ, ಆದರೆ ಅವುಗಳ ಮೇಲೆ ಯಾವಾಗಲೂ ಟ್ರೇಗಳು ಕೂತಿರುತ್ತವೆ. ಗುಣವಾಗಿ ಮನೆಗೆ ಹೋಗುವವರು ಡಾಕ್ಟರಿಗೆ ಕೈ ಮುಗಿಯುತ್ತಾರೆ, ನರ್ಸಿಗೆ ಕೈ ಮುಗಿಯುತ್ತಾರೆ, ಲಿಫ್ಟಿನವನಿಗೂ ಒಂದು ನಗು ಕೊಡುತ್ತಾರೆ. ನಾವು ಎಂಬವರು ಇದ್ದೇವೆಂದೇ ಅವರಿಗೆ ಗೊತ್ತಿರುವುದಿಲ್ಲ.

ನನಗೆ ಈ ಕೆಲಸ ಕಲಿಸಿದವರು ದೊಡ್ಡಕ್ಕ. ಅವರು ನಮ್ಮಲ್ಲಿ ಯಾರಿಗೂ ಸ್ವಂತ ಅಕ್ಕ ಅಲ್ಲ. ಆದರೆ ಇಪ್ಪತ್ತಾರು ವರ್ಷ ಅದೇ ಸಿಂಕಿನ ಮುಂದೆ ನಿಂತವರನ್ನು ಇನ್ನೇನೆಂದು ಕರೆಯುವುದು? ನಮ್ಮ ಇನ್‌ಚಾರ್ಜ್ ಸಿಸ್ಟರ್ ಕೂಡ ಹಾಗೇ ಕರೆಯುತ್ತಾರೆ. ದೊಡ್ಡಕ್ಕ ಓದಿದ್ದು ಏಳನೆಯ ತರಗತಿ. ಆದರೆ ಇಕ್ಕಳವನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಟಕಟಕ ಎನಿಸಿ, “ಇದರ ಹಲ್ಲು ಸವೆದಿದೆ, ತೆಗೆದಿಡು” ಎನ್ನಬಲ್ಲವರು. ಪ್ಯಾಕ್ ಸುತ್ತುವಾಗ ಬಟ್ಟೆಯ ಕೊನೆಯ ಮೂಲೆಯನ್ನು ಪುಟ್ಟ ಕಿವಿಯ ಹಾಗೆ ಹೊರಕ್ಕೆ ಮಡಚುತ್ತಾರೆ. ಥಿಯೇಟರಿನಲ್ಲಿ ನರ್ಸು ಆ ಕಿವಿಯನ್ನಷ್ಟೇ ಹಿಡಿದೆಳೆದರೆ ಒಳಗಿನದಕ್ಕೆ ಕೈ ತಾಗದೆ ಪ್ಯಾಕ್ ಬಿಚ್ಚಿಕೊಳ್ಳುತ್ತದೆ. ಆ ಮಡಿಕೆ ಯಾವ ಪುಸ್ತಕದಲ್ಲೂ ಇಲ್ಲ. ನಮ್ಮಲ್ಲಿ ಬೇರೆ ಯಾರಿಗೂ ಅದು ಅಷ್ಟು ಚೊಕ್ಕವಾಗಿ ಬರುವುದಿಲ್ಲ. ನನ್ನದು ಕಿವಿಯಲ್ಲ, ಮುರಿದ ಮೂಗು.

ಅವರು ನನಗೆ ಮೊದಲ ದಿನವೇ ಕಲಿಸಿದ ಪಾಠ ಒಂದಿದೆ. ಮೇಜಿನ ಎಡಗಡೆ ಒಂದು ಉದ್ದನೆಯ ಹಲಗೆ. ಅದಕ್ಕೆ ಪಕ್ಕದ ಹಲಗೆ ಎಂದೇ ಹೆಸರು.

“ಅನುಮಾನ ಬಂದ್ರೆ ಪಕ್ಕಕ್ಕಿಡು, ಹುಡುಗಿ. ಸರಿ ಇರಬಹುದು ಅಂತ ಮುಂದಕ್ಕೆ ತಳ್ಳಬೇಡ, ಕೆಟ್ಟಿದೆ ಅಂತ ಎಸೀಲೂಬೇಡ. ಪಕ್ಕಕ್ಕಿಟ್ಟು ಇನ್ನೊಂದು ತಗೋ. ಆಮೇಲೆ ಹೊಸ ಕಣ್ಣಲ್ಲಿ ನೋಡೋಣ.”

ಹನ್ನೆರಡು ವರ್ಷವಾಯಿತು. ನನಗೆ ನಲವತ್ತಾಗಿದೆ, ಅವರಿಗೆ ನಾನಿನ್ನೂ ಹುಡುಗಿಯೇ. ಆ ಹಲಗೆ ಪೂರ್ತಿ ಖಾಲಿ ಇದ್ದ ದಿನವನ್ನು ನಾನು ಕಂಡಿಲ್ಲ. ನಮ್ಮ ಕೈಗೆ ಆ ಅಭ್ಯಾಸ ಎಷ್ಟು ಅಂಟಿದೆಯೆಂದರೆ, ಮನೆಯಲ್ಲಿ ತರಕಾರಿ ಹೆಚ್ಚುವಾಗಲೂ ಅನುಮಾನದ ಬದನೆಕಾಯಿ ತಾನಾಗಿ ಎಡಕ್ಕೆ ಹೋಗುತ್ತದೆ.

ಕಳೆದ ವರ್ಷ ಹೊರಗಿನಿಂದ ತಪಾಸಣೆಯವರು ಬಂದರು. ಎಲ್ಲ ನೋಡಿ, ಕೊನೆಗೆ “ಇವರಲ್ಲಿ ಯಾರಿಗಾದರೂ ತರಬೇತಿಯ ಪತ್ರ ಇದೆಯೇ?” ಎಂದು ಕೇಳಿದರು. ಇರಲಿಲ್ಲ. ಎರಡು ವಾರ ಬಿಟ್ಟು ಇನ್‌ಚಾರ್ಜ್ ಸಿಸ್ಟರ್ ನಮ್ಮನ್ನೆಲ್ಲ ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಲ್ಲಿಸಿಕೊಂಡರು.

“ಹೊರಗಡೆ ಟ್ರೈನಿಂಗ್‌ಗೆ ಕಳಿಸೋಕೆ ನಮ್ಮ ಕೈಲಿ ಆಗಲ್ಲ. ಇದು ಆನ್‌ಲೈನ್ ಕೋರ್ಸು, ಪೂರ್ತಿ ಫ್ರೀ. ದೊಡ್ಡ ಯೂನಿವರ್ಸಿಟಿಯವರು ಮಾಡಿದ್ದು. ಆರು ವಾರ, ಮನೇಲೇ ಕೂತು ನೋಡ್ಬಹುದು. ಈ ಸಲದ ಸರ್ಟಿಫಿಕೇಟ್ ತಂದವರು ಇಲ್ಲೇ ಇರ್ತೀರ. ತರದೇ ಇದ್ದೋರನ್ನ ಲಾಂಡ್ರಿಗೋ ವಾರ್ಡಿಗೋ ಹಾಕ್ತೀವಿ.”

“ಡ್ಯೂಟಿ ಟೈಮಲ್ಲಿ ಸ್ವಲ್ಪ ಹೊತ್ತು ನೋಡ್ಬಹುದಾ ಸಿಸ್ಟರ್?” ನಾನೇ ಕೇಳಿದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ.

“ಡ್ಯೂಟಿ ಟೈಮಲ್ಲಿ ಡ್ಯೂಟಿ ಮಾಡಿ.”

ನಾನು ದೊಡ್ಡಕ್ಕನ ಮುಖ ನೋಡಿದೆ. ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ. ಅಲ್ಲಿ ಒದ್ದೆ ಹೊದಿಕೆಗಳ ಗಂಟುಗಳನ್ನು ಎತ್ತಿ ಎತ್ತಿ ಹಾಕಬೇಕು. ಅವರು ಎರಡು ವರ್ಷದಿಂದ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡೇ ಡ್ಯೂಟಿಗೆ ಬರುತ್ತಿದ್ದರು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ. ಆದರೆ ಅವರು ಯೋಚಿಸುತ್ತಿದ್ದದ್ದು ಸೊಂಟವನ್ನಲ್ಲ.

“ಇಷ್ಟು ವರ್ಷ ಆದ್ಮೇಲೆ ನನ್ನ ಕೈಗೆ ಬೆಡ್‌ಶೀಟ್ ಕೊಡ್ತಾರಾ?” ಎಂದು ಮೆಲ್ಲಗೆ ನನ್ನನ್ನು ಕೇಳಿದರು.

“ಕೋರ್ಸ್ ಮಾಡೋಣ ಬನ್ನಿ ದೊಡ್ಡಕ್ಕ. ಅದೇನು ಬ್ರಹ್ಮವಿದ್ಯೆಯಾ?” ಎಂದೆ.

ಹನ್ನೊಂದೂ ಜನ ಹೆಸರು ಕೊಟ್ಟೆವು. ಹೆಸರು ಕೊಡುವುದು ಸುಲಭ, ಎರಡು ಸಲ ಬೆರಳು ಒತ್ತಿದರಾಯಿತು. ಒಟ್ಟು ಅರವತ್ತು ಸಾವಿರ ಜನ ಸೇರಿದ್ದಾರೆಂದು ಪರದೆಯ ಮೇಲೆ ಬರೆದಿತ್ತು. ಅರವತ್ತು ಸಾವಿರ ಮಕ್ಕಳ ತರಗತಿ, ಒಂದಿಷ್ಟೂ ಗಲಾಟೆಯಿಲ್ಲ. ಇಸ್ತ್ರಿ ಮಾಡಿದ ನೀಲಿ ಅಂಗಿಯ, ನೆರೆತ ತಲೆಯ ಮೇಷ್ಟರೊಬ್ಬರು ನೇರ ನನ್ನನ್ನೇ ನೋಡಿ ನಕ್ಕು ಸ್ವಾಗತ ಎಂದರು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದ ನಾನೂ ನಕ್ಕೆ. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ನಿಂತರು.

ಮಾತು ಅವರ ಭಾಷೆಯದು. ಕೆಳಗೆ ನಮ್ಮ ಭಾಷೆಯ ಅಕ್ಷರ ಓಡುತ್ತಿತ್ತು, ಅದೂ ಯಂತ್ರ ಮಾಡಿದ ಅನುವಾದ. ಅರ್ಧ ಸಾಲು ಓದುವಷ್ಟರಲ್ಲಿ ಮುಂದಿನದು ಬಂದು ಹಿಂದಿನದನ್ನು ನುಂಗುತ್ತಿತ್ತು. ನಿಲ್ಲಿಸಿ, ಹಿಂದಕ್ಕೆ ತಳ್ಳಿ, ಮತ್ತೆ ನೋಡಿ, ಹತ್ತು ನಿಮಿಷದ ಪಾಠಕ್ಕೆ ನಲವತ್ತು ನಿಮಿಷ. ಡ್ಯೂಟಿ ಮುಗಿಸಿ, ಮನೆಗೆ ಹೋಗಿ, ಅಡುಗೆ ಮಾಡಿ, ಅತ್ತೆಗೆ ಮಾತ್ರೆ ಕೊಟ್ಟು ಕೂತರೆ ಮೇಷ್ಟರ ಮುಖ ಎರಡೆರಡಾಗಿ ಕಾಣುತ್ತಿತ್ತು. ನನ್ನ ಗಂಡ ಟೀವಿಯ ಶಬ್ದ ಕಡಿಮೆ ಮಾಡಿ, “ಬಿಟ್ಟಿ ಪಾಠಕ್ಕೆ ಇಷ್ಟು ಒದ್ದಾಟನಾ?” ಎಂದರು. “ಪಾಠ ಬಿಟ್ಟಿನೇ. ಒದ್ದಾಟ ಮಾತ್ರ ನಂದು” ಎಂದೆ. ಅಂದಿನಿಂದ ರಾತ್ರಿಯ ಪಾತ್ರೆ ಅವರೇ ತೊಳೆದರು. ಅಷ್ಟು ಲಾಭವನ್ನು ಅಲ್ಲಗಳೆಯಲಾರೆ.

ಮೊದಲ ವಾರ ಮೂವರು ಬಿಟ್ಟರು. ಒಬ್ಬಳ ಮನೆಯಲ್ಲಿ ಇದ್ದದ್ದು ಒಂದೇ ಫೋನು, ಅದು ಗಂಡನ ಜೇಬಿನಲ್ಲಿ. ಇನ್ನೊಬ್ಬಳು, “ಆ ಮೇಷ್ಟ್ರು ಸ್ವಾಗತ ಅನ್ನೋದೊಂದು ಗೊತ್ತು, ಆಮೇಲೆ ಎದ್ದಾಗ ಬೆಳಗಾಗಿರುತ್ತೆ” ಎಂದಳು. ಎರಡನೇ ವಾರ ಇನ್ನೂ ನಾಲ್ವರು. ನಾಲ್ಕನೇ ವಾರಕ್ಕೆ ನಾನು ಮತ್ತು ದೊಡ್ಡಕ್ಕ ಇಬ್ಬರೇ. ಬಿಟ್ಟವರನ್ನು ನಾನು ಬಯ್ಯುವುದಿಲ್ಲ. ಬಿಡಬೇಕೆಂದು ನನಗೂ ದಿನಾ ಅನ್ನಿಸುತ್ತಿತ್ತು. ಒಂದು ದಿನವೂ ಹಾಗನ್ನಿಸದವರು ದೊಡ್ಡಕ್ಕ ಮಾತ್ರ.

ಊಟದ ಬಿಡುವಿನಲ್ಲಿ ಅವರು ಫೋನನ್ನು ಸ್ಟೀಲ್ ಬಟ್ಟಲಿಗೆ ಆನಿಸಿ ನಿಲ್ಲಿಸಿಕೊಂಡು, ಕನ್ನಡಕ ಮೂಗಿನ ತುದಿಗೆ ತಂದು ನೋಡುತ್ತಿದ್ದರು. ಒಂದು ಪಾಠವನ್ನು ಮೂರು ಸಲ. ಎರಡನೇ ವಾರದಲ್ಲಿ ಮೇಷ್ಟರು ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರವೊಂದನ್ನು ತೋರಿಸಿದರು. ಸರಿಯಾಗಿ ತೊಳೆಯದ ಕೊಳವೆಯ ಒಳಗೋಡೆಗೆ ರೋಗಾಣುಗಳು ಲೋಳೆಯ ಪದರ ಕಟ್ಟಿಕೊಂಡು ಸಂಸಾರ ಹೂಡಿದ್ದವು. ದೊಡ್ಡಕ್ಕ ಕೈತುತ್ತನ್ನು ಹಾಗೇ ಹಿಡಿದು ಕೂತರು.

“ಲೇ ಹುಡುಗಿ, ಬಾ ಇಲ್ಲಿ. ಇಪ್ಪತ್ತಾರು ವರ್ಷ ಇದರ ಜೊತೆ ಕುಸ್ತಿ ಆಡಿದ್ದೀನಿ ಕಣೇ. ಇವತ್ತು ಮುಖ ನೋಡ್ದೆ!”

ಅವರ ಕಣ್ಣು ಒದ್ದೆಯಾಗಿತ್ತು. ಆವತ್ತು ಸಂಜೆಯವರೆಗೂ ಸಿಕ್ಕಸಿಕ್ಕವರಿಗೆಲ್ಲ ಲೋಳೆಯ ಪದರದ ಕಥೆ ಹೇಳಿದರು. ಲಿಫ್ಟಿನವನನ್ನೂ ಬಿಡಲಿಲ್ಲ. ಕೋರ್ಸಿನವರು ಪ್ರಶ್ನೋತ್ತರಕ್ಕೆಂದು ಒಂದು ಪುಟ ಇಟ್ಟಿದ್ದರು. ಮೇಷ್ಟರು ಅಲ್ಲಿಗೆ ಒಂದು ದಿನವೂ ಬರಲಿಲ್ಲ, ಪ್ರಶ್ನೆಗಳು ಮಾತ್ರ ಸಾಲುಗಟ್ಟಿ ನಿಂತಿದ್ದವು. ಒದ್ದೆಯಾಗಿ ಹೊರಬಂದ ಪ್ಯಾಕನ್ನು ಗಾಳಿಗೆ ಒಣಗಿಸಿ ಬಳಸಬಹುದೇ ಎಂದು ಎಲ್ಲಿಯದೋ ಆಸ್ಪತ್ರೆಯವಳು ಕೇಳಿದ್ದಳು. ದೊಡ್ಡಕ್ಕ ಒಂದೇ ಬೆರಳಿನಲ್ಲಿ ಅರ್ಧ ಗಂಟೆ ಒತ್ತಿ, ‘ಬೇಡ ತಾಯಿ, ಒದ್ದೆ ಬಟ್ಟೆ ಹೊರಗಿನ ಕೊಳೆಯನ್ನು ಒಳಕ್ಕೆ ಎಳೆಯುತ್ತದೆ, ಮತ್ತೆ ಮೊದಲಿಂದ ಸುತ್ತು’ ಎಂದು ಉತ್ತರ ಬರೆದರು. ಆಕೆ ಧನ್ಯವಾದ ಹೇಳಿದಳು. ಮಾರನೆಯ ದಿನದಿಂದ ಇನ್ನೂ ಕೆಲವರು ದೊಡ್ಡಕ್ಕನನ್ನೇ ಕೇಳತೊಡಗಿದರು. ಆ ಕೋರ್ಸಿಗೆ ನಾನು ಎಷ್ಟೇ ಶಾಪ ಹಾಕಿದರೂ ಇದೊಂದಕ್ಕೆ ಹಾಕಲಾರೆ. ಅವರನ್ನು ಆ ಸಿಂಕಿನಾಚೆಯ ಲೋಕ ಮೊದಲ ಬಾರಿಗೆ ಮಾತಾಡಿಸಿತ್ತು.

ಆರನೇ ವಾರ ಕೊನೆಯ ಪರೀಕ್ಷೆ. ‘ನಿಮ್ಮ ಕೆಲಸದ ಜಾಗದಲ್ಲಿ ನಡೆದ ಒಂದು ತಪ್ಪಿನ ಬಗ್ಗೆ ಬರೆಯಿರಿ.’ ನಾಲ್ಕು ಭಾಗ: ಕೆಲಸ ಯಾವುದು, ತಪ್ಪು ಏನು, ಅದರ ನಿಜವಾದ ಕಾರಣ ಏನು, ಆಮೇಲೆ ಏನು ಬದಲಾಯಿತು. ಒಂದೊಂದಕ್ಕೆ ಐದು, ಒಟ್ಟು ಇಪ್ಪತ್ತು. ಪಾಸಾಗಲು ಹನ್ನೆರಡು ಬೇಕು. ಅಷ್ಟು ಜನರ ಉತ್ತರ ತಿದ್ದಲು ಮೇಷ್ಟರಿಗೆ ಎಷ್ಟು ಕೈ ಇದ್ದಾವು? ಹಾಗಾಗಿ ನಾವೇ ಒಬ್ಬರದನ್ನೊಬ್ಬರು ತಿದ್ದಬೇಕು. ಪ್ರತಿಯೊಬ್ಬರಿಗೂ ಮೂರು ಉತ್ತರ ಬರುತ್ತವೆ, ಬರೆದವರ ಹೆಸರು ಇರುವುದಿಲ್ಲ. ಮೂವರು ಕೊಟ್ಟ ಅಂಕದ ಸರಾಸರಿಯೇ ಅಂಕ. ನಮ್ಮ ಭಾಷೆ ಆರಿಸಿಕೊಂಡವರಿಗೆ ನಮ್ಮ ಭಾಷೆಯವರದೇ ಉತ್ತರ. ಮುನ್ನೂರು ಜನ ಸೇರಿದ್ದ ನಮ್ಮ ಗುಂಪಿನಲ್ಲಿ ಆ ಹೊತ್ತಿಗೆ ಉಳಿದಿದ್ದವರು ಹದಿನಾಲ್ಕು.

ನಾನು ಬರೆದದ್ದು ಟ್ರೇಯಲ್ಲಿ ಒಂದು ಕತ್ತರಿ ಕಡಿಮೆ ಬಂದ ಕಥೆ. ಯಾರಿಗೂ ನೋವಾಗದ, ಯಾರ ಮೇಲೂ ಮಾತು ಬಾರದ ತಪ್ಪು. ಅಂಥದ್ದನ್ನು ಹುಡುಕಿಯೇ ಬರೆದೆ.

ಶುಕ್ರವಾರ ನನಗೆ ತಿದ್ದಲು ಮೂರು ಉತ್ತರ ಬಂದವು. ಡ್ಯೂಟಿಗೆ ಮುಂಚೆ, ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು ಎರಡನ್ನು ತಿದ್ದಿದೆ. ಮೂರನೆಯದನ್ನು ತೆರೆದಾಗ ಮೊದಲು ಕಂಡದ್ದು ಚಿತ್ರ. ಬಟ್ಟೆ ಸುತ್ತಿದ ಪ್ಯಾಕ್, ಮೂಲೆಯಲ್ಲಿ ಚೊಕ್ಕವಾಗಿ ಹೊರಬಂದ ಪುಟ್ಟ ಕಿವಿ.

ಬರೆದವರ ಹೆಸರು ಬೇಕಾಗಲಿಲ್ಲ.

‘ಹನ್ನೊಂದು ವರ್ಷದ ಹಿಂದೆ ನಮ್ಮಲ್ಲಿ ಒಂದು ತಪ್ಪು ಆಯಿತು’ ಎಂದು ಶುರುವಾಗಿತ್ತು. ‘ಯಂತ್ರಕ್ಕೆ ಪ್ಯಾಕುಗಳನ್ನು ಒತ್ತೊತ್ತಾಗಿ ತುಂಬಿದ್ದರಿಂದ ನಡುವೆ ಹಬೆ ಓಡಾಡಲಿಲ್ಲ. ಥಿಯೇಟರಿನಲ್ಲಿ ಒಂದು ಪ್ಯಾಕ್ ಬಿಚ್ಚಿದಾಗ ಒಳಗಿನ ಪಟ್ಟಿಯ ಬಣ್ಣ ಬದಲಾಗಿರಲಿಲ್ಲ, ಅಂದರೆ ಒಳಕ್ಕೆ ಹಬೆ ತಲುಪಿರಲಿಲ್ಲ. ರೋಗಿ ಚಿಕ್ಕ ಮಗು. ಬೇರೆ ಪ್ಯಾಕ್ ಬರುವವರೆಗೆ ಮುಕ್ಕಾಲು ಗಂಟೆ ಮೇಜಿನ ಮೇಲೆ ಮಲಗಿಸಿಕೊಂಡು ಕಾದರು. ದೇವರ ದಯೆ, ಮಗುವಿಗೆ ಏನೂ ಆಗಲಿಲ್ಲ.’ ಅದರ ಕೆಳಗೆ ಮೂರನೇ ಭಾಗ. ‘ನಿಜವಾದ ಕಾರಣ: ಆ ದಿನ ಯಂತ್ರ ತುಂಬಿದ್ದು ನಾನು. ನನ್ನ ಗಮನ ಬೇರೆಲ್ಲೋ ಇತ್ತು.’

ಯಂತ್ರ ತುಂಬಿದ್ದು ಅವರಲ್ಲ. ನಾನು.

ಆಗ ನಾನು ಸೇರಿ ವರ್ಷವೂ ಆಗಿರಲಿಲ್ಲ. ಬಸ್ಸು ತಪ್ಪೀತೆಂಬ ಅವಸರದಲ್ಲಿ ಎರಡು ಸಲಕ್ಕೆ ತುಂಬಬೇಕಾದ್ದನ್ನು ಒಂದೇ ಸಲಕ್ಕೆ ತುರುಕಿದ್ದೆ. ಮಾರನೆಯ ದಿನ ವಿಚಾರಣೆಗೆ ಬಂದವರು ಯಾರು ತುಂಬಿದ್ದು ಎಂದಾಗ ನಾನು ಸಿಂಕಿನ ಮುಂದೆ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ದೊಡ್ಡಕ್ಕ “ನಾನೇ ಸರ್” ಎಂದರು. ಹೊಸಬಳನ್ನು ಆಗಲೇ ಮನೆಗೆ ಕಳಿಸುತ್ತಿದ್ದರು. ಅವರನ್ನು ಕಳಿಸಲಿಲ್ಲ, ಫೈಲಿನಲ್ಲಿ ಒಂದು ಸಾಲು ಬರೆದರು. ಆ ಸಾಲಿನಿಂದಾಗಿ ಅವರಿಗೆ ಬರಬೇಕಾಗಿದ್ದ ಸೂಪರ್‌ವೈಸರ್ ಜಾಗ ಮುಂದೆ ಎಂದೂ ಬರಲಿಲ್ಲ. ನಾನು ಥ್ಯಾಂಕ್ಸ್ ಹೇಳಲಿಲ್ಲ. ಆವತ್ತು ಹೇಳಲಾಗಲಿಲ್ಲ, ಆಮೇಲೆ ಹೇಳಲು ನಾಚಿಕೆಯಾಯಿತು. ಹನ್ನೊಂದು ವರ್ಷ ಒಂದೇ ಮೇಜಿನಲ್ಲಿ ಉಂಡೆವು, ಆ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ.

ಹೆಸರಿಲ್ಲದ, ಊರಿಲ್ಲದ, ಯಾರೋ ಮೂವರು ಅಪರಿಚಿತರು ಓದುವ ಕಾಗದದಲ್ಲೂ ಅವರು ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ಅದನ್ನು ಓದಿ ನನಗೆ ಅಳು ಬಂತು, ಹಿಂದೆಯೇ ಸಿಟ್ಟೂ ಬಂತು. ಬೇರೆ ತಪ್ಪು ಸಿಗಲಿಲ್ಲವೇ ಇವರಿಗೆ ಬರೆಯಲು!

ಮೂರನೇ ಭಾಗದ ಎದುರು ಪರದೆ ಕೇಳುತ್ತಿತ್ತು: ‘ಬರೆದವರು ನಿಜವಾದ ಕಾರಣ ಹೇಳಿದ್ದಾರೆಯೇ?’ ಸೊನ್ನೆಯಿಂದ ಐದರವರೆಗೆ ಬಟನ್ನುಗಳು. ಲೋಕದಲ್ಲಿ ಯಾರ ಕೈಗೆ ಈ ಉತ್ತರ ಹೋಗಿದ್ದರೂ ಐದು ಒತ್ತುತ್ತಿದ್ದರು. ಅದು ಸುಳ್ಳೆಂದು ಗೊತ್ತಿದ್ದವಳು ನಾನೊಬ್ಬಳೇ. ಐದು ಒತ್ತಿದರೆ ಆ ಸುಳ್ಳಿಗೆ ನಾನು ಎರಡನೇ ಸಲ ರುಜು ಹಾಕಿದಂತೆ. ಸೊನ್ನೆ ಒತ್ತುವುದಂತೂ ಸಾಧ್ಯವೇ ಇಲ್ಲ, ನನ್ನನ್ನು ಕಾಪಾಡಿದ್ದಕ್ಕೆ ನಾನೇ ಸೊನ್ನೆ ಕೊಡುವುದೇ? ಬೆರಳು ಗಾಳಿಯಲ್ಲಿ ನಿಂತಿತು. ಹೊರಗೆ ಡ್ಯೂಟಿಯ ಗಂಟೆಯಾಯಿತು.

ನಾನು ಫೋನು ಮುಚ್ಚಿದೆ. ಅನುಮಾನ ಬಂದಿತ್ತು, ಪಕ್ಕಕ್ಕಿಟ್ಟೆ. ಭಾನುವಾರ ಕಡೆಯ ದಿನ ಎಂದು ಬರೆದಿತ್ತಲ್ಲ, ಭಾನುವಾರ ಸಂಜೆ ಹೊಸ ಕಣ್ಣಲ್ಲಿ ನೋಡಿದರಾಯಿತು.

ಶನಿವಾರ ಕೊಳವೆ ಉಜ್ಜುತ್ತಾ ದೊಡ್ಡಕ್ಕ ಕೇಳಿದರು. “ಮೂರೂ ತಿದ್ದಿದೆಯಾ?”

“ಇನ್ನೊಂದಿದೆ.”

“ಬೇಗ ಮುಗಿಸ್ಬಿಡು. ಅಲ್ಲಿ ಯಾರೋ ಪಾಪ ಕಾಯ್ತಿರ್ತಾರೆ. ನಾನು ನಿನ್ನೇನೇ ಮೂರಕ್ಕೂ ಹಾಕ್ದೆ. ಎಲ್ಲರಿಗೂ ಒಂದೆರಡು ಜಾಸ್ತಿನೇ ಕೊಟ್ಟೆ ಅನ್ಸುತ್ತೆ. ಕಷ್ಟಪಟ್ಟು ಬರೆದಿರ್ತಾರಲ್ವಾ?”

ನಾನು ಬ್ರಷ್ಷಿನ ಕಡೆ ನೋಡುತ್ತಾ ಹೂಂ ಎಂದೆ.

ಭಾನುವಾರ ಬೆಳಗಿನ ಡ್ಯೂಟಿ. ಎಲ್ಲೋ ಅಪಘಾತವಾಗಿ ಒಂದರ ಹಿಂದೊಂದು ಮೂರು ಆಪರೇಷನ್. ಟ್ರೇಗಳು ಕಿಟಕಿಯಲ್ಲಿ ಗೋಪುರವಾದವು. ಐದು ಗಂಟೆಗೆ ಕೈಗವಸು ಕಳಚಿ, ಬೆಂಚಿನ ಮೇಲೆ ಕೂತು, ಕಾಲು ಚಾಚಿ ಫೋನು ತೆರೆದೆ. ಅಷ್ಟರಲ್ಲಿ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಐದು ಕೊಡುವುದು, ಕೆಳಗೆ ಟಿಪ್ಪಣಿ ಬರೆಯುವ ಜಾಗದಲ್ಲಿ ‘ಆ ದಿನ ತುಂಬಿದವಳು ನಾನು, ಕ್ಷಮಿಸಿ’ ಎಂದು ಬರೆಯುವುದು. ಹನ್ನೊಂದು ವರ್ಷದಲ್ಲಿ ಬಾಯಲ್ಲಿ ಬರದಿದ್ದ ಮಾತು ಬೆರಳಲ್ಲಾದರೂ ಬರಲಿ ಎಂದು.

ಪರದೆಯ ಮೇಲೆ ಒಂದೇ ಸಾಲಿತ್ತು. ‘ಮೌಲ್ಯಮಾಪನದ ಅವಧಿ ಮುಗಿದಿದೆ.’

ಮುಗಿಯುವುದು ಹೇಗೆ? ಇನ್ನೂ ಭಾನುವಾರ! ಕಿಟಕಿಯಲ್ಲಿ ಬಿಸಿಲಿತ್ತು. ಫೋನನ್ನು ಆರಿಸಿ ಹಚ್ಚಿದೆ, ಹೊರಗೆ ಹೋಗಿ ಅಂಗಳದಲ್ಲಿ ನಿಂತು ನೋಡಿದೆ. ಕೊನೆಗೆ ನಿಯಮಗಳ ಪುಟದ ಬುಡದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಸಿಕ್ಕಿತು. ಎಲ್ಲ ಸಮಯವೂ ವಿಶ್ವವಿದ್ಯಾಲಯದ ಗಡಿಯಾರದ ಪ್ರಕಾರ. ಅಲ್ಲಿ ಭಾನುವಾರ ಮುಗಿದು ಆಗಲೇ ಅರ್ಧ ಗಂಟೆಯಾಗಿತ್ತು.

ಬುಧವಾರ ಫಲಿತಾಂಶ. ಒಂದು ಉತ್ತರ ತಿದ್ದದೆ ಬಿಟ್ಟದ್ದಕ್ಕೆ ನನಗೆ ಒಂದು ಅಂಕ ಕಡಿತ, ಆದರೂ ಹದಿನಾಲ್ಕು, ಪಾಸು. ದೊಡ್ಡಕ್ಕ ಫೋನು ಹಿಡಿದುಕೊಂಡು ನನ್ನ ಬಳಿ ಬಂದರು. “ಇದನ್ನ ಓದು, ನನ್ನ ಕನ್ನಡಕದಲ್ಲೇ ಏನೋ ತಪ್ಪಿರಬೇಕು.”

ಕನ್ನಡಕ ಸರಿಯಾಗಿಯೇ ಇತ್ತು. ಹನ್ನೊಂದು. ಒಬ್ಬರು ಹದಿನೆಂಟು ಕೊಟ್ಟು, ಇಂಥವರ ಕೈಕೆಳಗೆ ಕೆಲಸ ಕಲಿಯುವ ಆಸೆ ಎಂದು ಬರೆದಿದ್ದರು. ಇನ್ನೊಬ್ಬರು ನಾಲ್ಕಕ್ಕೂ ಒಂದೊಂದು ಒತ್ತಿ, ‘ಓಕೆ’ ಎಂದು ಬರೆದು ಕೈತೊಳೆದುಕೊಂಡಿದ್ದರು. ಓದಿಯೇ ಇರಲಾರರು. ಮೂರನೆಯ ಜಾಗ ಖಾಲಿ. ಇದ್ದ ಎರಡರ ಸರಾಸರಿ ಹನ್ನೊಂದು.

“ಮೂರನೆಯವರು ನೋಡೇ ಇಲ್ಲ” ಎಂದರು ದೊಡ್ಡಕ್ಕ. “ಇರ್ಲಿ ಬಿಡು, ಏನು ತೊಂದರೆ ಇತ್ತೋ ಏನೋ. ನಮ್ಮ ಹಾಗೇ ಎಲ್ಲೋ ದುಡಿಯೋರೇ ಅಲ್ವಾ?”

ನಾನು ಸಿಂಕಿನ ನಲ್ಲಿ ಬಿಟ್ಟೆ. ನೀರು ಸುರಿಯುತ್ತಿತ್ತು, ತಲೆಯಲ್ಲಿ ಲೆಕ್ಕ ನಡೆಯುತ್ತಿತ್ತು. ಹದಿನೆಂಟು, ನಾಲ್ಕು, ಇಪ್ಪತ್ತೆರಡು. ಉಳಿದ ಮೂರು ಭಾಗಕ್ಕೆ ಹದಿನೈದು ಕೊಟ್ಟು, ಆ ಒಂದಕ್ಕೆ ನಾನು ಸೊನ್ನೆ ಒತ್ತಿದ್ದರೂ ಮೂವತ್ತೇಳು. ಮೂರರಿಂದ ಭಾಗಿಸಿದರೆ ಹನ್ನೆರಡು ದಾಟುತ್ತಿತ್ತು. ಸೊನ್ನೆ ಕೊಟ್ಟಿದ್ದರೂ ಅವರು ಪಾಸಾಗುತ್ತಿದ್ದರು. ಮತ್ತೆ ಅದೇ ಸಿಂಕು, ಅದೇ ನಲ್ಲಿ, ಬಾಯಿಗೆ ಅದೇ ಬೀಗ.

ಕೋರ್ಸಿನವರಿಗೆ ಬರೆದೆ. ‘ನಿಮ್ಮ ಅನುಭವ ನಮಗೆ ಅಮೂಲ್ಯ’ ಎಂದು ಆ ಕ್ಷಣವೇ ಉತ್ತರ ಬಂತು. ಯಂತ್ರ ಕಳಿಸಿದ್ದು. ಮತ್ತೆ ಬರೆದೆ, ಅದೇ ಬಂತು. ಮುಂದಿನ ತಂಡ ನಾಲ್ಕು ತಿಂಗಳ ನಂತರ ಶುರು, ಆಗಲೂ ಪೂರ್ತಿ ಉಚಿತ, ಎಲ್ಲರಿಗೂ ಸ್ವಾಗತ. ಆಸ್ಪತ್ರೆಯ ಗಡುವು ಆ ತಿಂಗಳ ಕೊನೆಗೇ ಮುಗಿಯುತ್ತಿತ್ತು.

ಇನ್‌ಚಾರ್ಜ್ ಸಿಸ್ಟರ್ ಕೋಣೆಗೆ ಹೋದೆ. ಅವರು ಯಾವುದೋ ಪಟ್ಟಿಗೆ ಟಿಕ್ ಹಾಕುತ್ತಿದ್ದರು.

“ಸಿಸ್ಟರ್, ದೊಡ್ಡಕ್ಕನ ಪೇಪರ್ ತಿದ್ದಬೇಕಾಗಿದ್ದವಳು ನಾನು. ತಡ ಮಾಡ್ದೆ. ತಪ್ಪು ನಂದು.”

“ಅಯ್ಯೋ. ಆದ್ರೆ ಅವರ ಹತ್ರ ಸರ್ಟಿಫಿಕೇಟ್ ಇಲ್ವಲ್ಲ? ತಪಾಸಣೆಯವರಿಗೆ ನಾನೇನು ತೋರಿಸ್ಲಿ, ನಿಮ್ಮ ಕಥೆನಾ?”

“ಇನ್ನೊಂದಿದೆ. ಹನ್ನೊಂದು ವರ್ಷದ ಹಿಂದೆ ಅವರ ಫೈಲಲ್ಲಿ ಬರೆದ್ರಲ್ಲ, ಆ ಲೋಡ್ ತುಂಬಿದ್ದೂ ನಾನೇ. ಅವರಲ್ಲ.”

ಹೇಳಿದೆ! ಸಿಸ್ಟರ್ ಈ ಆಸ್ಪತ್ರೆಗೆ ಬಂದು ಮೂರು ವರ್ಷ. ಪೆನ್ನು ಕೆಳಗಿಟ್ಟು, ಸುಸ್ತಾದ ಕಣ್ಣಿನಿಂದ ನನ್ನನ್ನು ನೋಡಿದರು.

“ಅಷ್ಟು ಹಳೇದನ್ನ ಈಗ ಯಾರು ಕೇಳಿದ್ರು? ಅದಕ್ಕೂ ಸರ್ಟಿಫಿಕೇಟಿಗೂ ಏನು ಸಂಬಂಧ? ಹೋಗಿ, ಕಿಟಕೀಲಿ ಟ್ರೇ ಬಂದಿದೆ.”

ಹನ್ನೊಂದು ವರ್ಷ ಹೊತ್ತದ್ದನ್ನು ಇಳಿಸಲು ಅಲ್ಲಿ ಜಾಗವೇ ಇರಲಿಲ್ಲ. ಸಿಸ್ಟರ್ ಕೆಟ್ಟವರಲ್ಲ, ಅವರಿಗೂ ಮೇಲಿನಿಂದ ಒತ್ತಡ. ಬಿಟ್ಟುಹೋದ ಒಂಬತ್ತು ಜನರನ್ನು ವಾರ್ಡುಗಳಿಗೆ ಹಂಚಿದರು. ದೊಡ್ಡಕ್ಕನಿಗೆ ಲಾಂಡ್ರಿ ಬಿತ್ತು. ನಮ್ಮ ವಿಭಾಗಕ್ಕೆ ಎಲ್ಲಿಂದಲೋ ಪತ್ರ ಇರುವ ಹೊಸಬರು ಬಂದರು. ಇಕ್ಕಳ ಯಾವುದು, ಕತ್ತರಿ ಯಾವುದು ಎಂದು ನಾನು ಮೊದಲಿನಿಂದ ತೋರಿಸಿಕೊಡುತ್ತಿದ್ದೇನೆ.

ಒಂದು ವಾರ ನನಗೆ ನೆಲಮಾಳಿಗೆಗೆ ಇಳಿಯುವ ಧೈರ್ಯ ಬರಲಿಲ್ಲ. ಎಂಟನೆಯ ದಿನ ಡ್ಯೂಟಿ ಮುಗಿಸಿ ಇಳಿದೆ. ಬಿಸಿ ಗಾಳಿ, ಸೋಪಿನ ವಾಸನೆ, ಗುಡ್ಡದಷ್ಟು ಹೊದಿಕೆ. ದೊಡ್ಡಕ್ಕ ಪಟ್ಟಿಯ ಮೇಲಿನಿಂದ ಸೊಂಟಕ್ಕೆ ಒಂದು ಟವೆಲ್ಲನ್ನೂ ಬಿಗಿದುಕೊಂಡಿದ್ದರು. ನನ್ನನ್ನು ಕಂಡು ಮುಖ ಅರಳಿತು.

“ಬಂದೆಯಾ! ಇವತ್ತೂ ಒಬ್ಬಳು ಆ ಪುಟದಲ್ಲಿ ಕೇಳಿದ್ದಾಳೆ ಕಣೇ, ಯಂತ್ರದಲ್ಲಿ ಪ್ಯಾಕ್ ನಡುವೆ ಎಷ್ಟು ಜಾಗ ಬಿಡ್ಬೇಕು ಅಂತ. ಕೈ ಆಡೋಷ್ಟು ಅಂತ ಬರೆದೆ. ಸರಿ ತಾನೇ?”

“ದೊಡ್ಡಕ್ಕ, ಆ ಮೂರನೆಯವಳು ನಾನೇ.”

ಅವರಿಗೆ ತಿಳಿಯಲಿಲ್ಲ.

“ನಿಮ್ಮ ಪೇಪರ್ ನಂಗೇ ಬಂದಿತ್ತು. ಕಿವಿ ನೋಡಿ ಗೊತ್ತಾಯ್ತು. ಓದ್ದೆ. ನನ್ನ ತಪ್ಪನ್ನ ನಿಮ್ದು ಅಂತ ಬರೆದಿದ್ರಿ. ಐದು ಕೊಡೋಕೂ ಆಗ್ಲಿಲ್ಲ, ಸೊನ್ನೆ ಕೊಡೋಕೂ ಆಗ್ಲಿಲ್ಲ.”

“ಏನೋ ಒಂದು ಒತ್ತಿ ಬಿಸಾಕೋದಲ್ವೇನೇ?”

“ಅನುಮಾನ ಬಂತು, ಪಕ್ಕಕ್ಕಿಟ್ಟೆ. ಆಮೇಲೆ ನೋಡೋಣ ಅಂತ. ಅಷ್ಟರಲ್ಲಿ ಬಾಗಿಲು ಹಾಕ್ಬಿಟ್ರು.”

ನನಗೆ ಅಳು ತಡೆಯಲಾಗಲಿಲ್ಲ. ಹನ್ನೊಂದು ವರ್ಷದ್ದೂ ಸೇರಿ ಬಂತು. ಯಂತ್ರಗಳು ಗರಗರ ತಿರುಗುತ್ತಿದ್ದವು. ಬಯ್ಯಲಿ ಎಂದು ಕಾದೆ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ನಾನೇ ಕಲಿಸಿದ್ದಲ್ವಾ” ಎಂದರು. ನಗಲು ನೋಡಿದರು, ನಗು ಪೂರ್ತಿ ಬರಲಿಲ್ಲ. “ಸ್ವಲ್ಪ ಜಾಸ್ತಿನೇ ಚೆನ್ನಾಗಿ ಕಲಿಸ್ಬಿಟ್ಟೆ.”

ಮೇಜಿನ ಮೇಲಿದ್ದ ಒಂದು ಹೊದಿಕೆಯನ್ನು ಕೊಡವಿ, ಒಂದು ತುದಿಯನ್ನು ನನ್ನ ಕಡೆ ನೀಡಿದರು. “ಹಿಡ್ಕೋ. ಒಬ್ಬಳೇ ಮಡಚಿದ್ರೆ ಸೊಂಟ ಹಿಡಿಯುತ್ತೆ.”

ಎದುರುಬದುರು ನಿಂತು ಮಡಚಿದೆವು. ಒಂದು, ಎರಡು, ಹತ್ತು. ಹನ್ನೊಂದನೆಯದೋ ಹನ್ನೆರಡನೆಯದೋ ಇರಬೇಕು, ಕೊನೆಯ ಮಡಿಕೆಗೆ ಬಂದಾಗ ಅವರ ಬೆರಳುಗಳು ತಾವಾಗಿ ಮೂಲೆಯನ್ನು ಹೊರಕ್ಕೆ ಎಳೆದು ಪುಟ್ಟ ಕಿವಿ ಮಾಡಿದವು. ದೊಡ್ಡಕ್ಕ ಒಂದು ಗಳಿಗೆ ಅದನ್ನು ನೋಡಿದರು. ಆಮೇಲೆ ಕಿವಿಯನ್ನು ಬಿಚ್ಚಿ, ಅಂಗೈಯಿಂದ ತೀಡಿ ನೇರ ಮಾಡಿ, ಹೊದಿಕೆಯನ್ನು ಉಳಿದವುಗಳ ಮೇಲಿಟ್ಟರು.